ಗಾಳ ಹಿಡಿದ ಕೈ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನ ಕೈಚರ್ಮ ಬಹಳ ಗಟ್ಟಿಯಾಗಿದ್ದಿರಬೇಕು. ಕೆಸರಾದ ಕೈಯನ್ನು ತೊಳೆದುಕೊಂಡು ಆತ ನೇರವಾಗಿ ಮೊಸರಿನ ಗಡಿಗೆಯ ಬಳಿಗೆ ನಡೆದುಬಿಟ್ಟ. ತೊಳೆದ ಮೇಲೆ ಆ ಕೈ ಕೆಂಪಗಾಯಿತೆ, ಬೆರಳ ಸಂದುಗಳಲ್ಲಿ ನವೆ ಎದ್ದಿತೆ, ಮಾರನೆಯ ಬೆಳಗ್ಗೆ ಗಿಣ್ಣುಗಳ ಮೇಲೆ ಚರ್ಮ ಬಿರಿದು ರಕ್ತ ಜಿನುಗಿತೆ ಎಂಬ ವಿಚಾರವನ್ನು ಗಾದೆ ಎತ್ತುವುದೇ ಇಲ್ಲ. ನನ್ನಂಥವರನ್ನು ಗಮನದಲ್ಲಿಟ್ಟುಕೊಂಡು ಗಾದೆಗಳು ಹುಟ್ಟುವುದಿಲ್ಲವೆಂದು ತೋರುತ್ತದೆ.

ನನ್ನ ಕೈ ಹುಟ್ಟಿನಿಂದಲೂ ನಾಜೂಕಿನದು. ನಾಜೂಕೆಂದರೆ ಕವಿಗಳು ತಾವರೆಗೆ ಹೋಲಿಸುವ ಕೈಯೆಂದು ಓದುಗರು ಭಾವಿಸಬಾರದು. ಸ್ನಾನದ ಸಾಬೂನು ಬದಲಾದರೆ ಮುನಿಯುವ, ಚಳಿಗಾಲ ಬಂದರೆ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಡುವ, ಹಸಿಮೆಣಸಿನಕಾಯಿ ಹೆಚ್ಚಿದರೆ ಎರಡು ದಿನ ಉರಿಯುವ ಕೈ ಅದು. ಅಜ್ಜಿ ಇದನ್ನು ಇಸುಬು ಎನ್ನುತ್ತಿದ್ದರು. ವೈದ್ಯರು ಎಕ್ಸಿಮಾ ಎನ್ನುತ್ತಾರೆ. ನಮ್ಮ ತಂದೆಯವರ ಕೈಯೂ ಹೀಗೆಯೇ ಇತ್ತು. ಇಂಥ ಕೈಯುಳ್ಳವನು ಪುಸ್ತಕವನ್ನೋ ಲೇಖನಿಯನ್ನೋ ಹಿಡಿದುಕೊಂಡು ಸುಮ್ಮನಿರುವುದನ್ನು ಬಿಟ್ಟು ಗಾಳವನ್ನೇಕೆ ಹಿಡಿಯಬೇಕು ಎಂದು ನನ್ನ ಮನೆಯಾಕೆ ನಲವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾಳೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಅರಸೀಕೆರೆಯಿಂದಲೇ ಆರಂಭಿಸಬೇಕಾಗುತ್ತದೆ.

ಅರಸೀಕೆರೆಯನ್ನು ರೈಲು ಪ್ರಯಾಣಿಕರು ಜಂಕ್ಷನ್ ಎಂದು ಬಲ್ಲರು. ವ್ಯಾಪಾರಿಗಳು ತೆಂಗಿನಕಾಯಿ, ಕೊಬ್ಬರಿಗಳ ಊರೆಂದು ಬಲ್ಲರು. ಆದರೆ ಊರಿನ ಹೆಸರಿನಲ್ಲಿರುವುದು ರೈಲೂ ಅಲ್ಲ, ತೆಂಗೂ ಅಲ್ಲ. ಅರಸಿಯೊಬ್ಬಳು ಕಟ್ಟಿಸಿದ ಕೆರೆ. ನಮ್ಮ ತಂದೆಯವರು ಅಲ್ಲಿ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಭಾನುವಾರ ಬಂತೆಂದರೆ ಬಿದಿರಿನ ಕೋಲು, ಬೆಂಡು, ರಾಗಿಮುದ್ದೆಯ ಒಂದು ಉಂಡೆ ಇವನ್ನು ಹಿಡಿದು ಹೊರಡುತ್ತಿದ್ದರು. (ಹಾಸನದ ಕಡೆಯ ಮೀನಿಗೂ ಮುದ್ದೆಯೇ ಆಗಬೇಕು, ಅಕ್ಕಿಹಿಟ್ಟಿನ ಉಂಡೆಯನ್ನು ಅದು ಮೂಸಿ ನೋಡಿ ಮುಂದೆ ಹೋಗುತ್ತಿತ್ತು ಎಂಬುದು ತಂದೆಯವರ ಸಿದ್ಧಾಂತ.) ಬೇಸಗೆಯ ರಜೆಯಲ್ಲಿ ಅಜ್ಜಿಯ ಊರಾದ ಬೇಲೂರಿಗೆ ಹೋದರೆ ಅಲ್ಲಿ ಯಗಚಿ ಹೊಳೆ, ಅಲ್ಲಿಂದ ಹದಿನಾರು ಕಿಲೋಮೀಟರು ದೂರದ ಹಳೇಬೀಡಿಗೆ ಹೋದರೆ ದೋರಸಮುದ್ರದ ಆ ದೊಡ್ಡ ಕೆರೆ. ಹಳೇಬೀಡಿನ ಹಳೆಯ ಹೆಸರೇ ದೋರಸಮುದ್ರ. ಹೊಯ್ಸಳರ ರಾಜಧಾನಿ ಕೆರೆಯೊಂದರ ಹೆಸರನ್ನು ಹೊತ್ತುಕೊಂಡು ಮೆರೆಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಪ್ರವಾಸಿಗರ ಸಂಖ್ಯೆ ಏರಿರುವುದು ಸಂತೋಷವೇ. ಆದರೆ ಬಂದವರು ಗೋಡೆಯ ಆನೆ, ಕುದುರೆ, ಮಕರ, ಹಂಸಗಳ ಸಾಲನ್ನು ನೋಡಿ ಕೆರೆಯ ಕಡೆಗೆ ಬೆನ್ನು ತಿರುಗಿಸಿ ಬಸ್ಸು ಹತ್ತುವುದನ್ನು ಕಂಡಾಗ ನನಗೆ ಸ್ವಲ್ಪ ಕೋಪ ಬರುವುದುಂಟು.

ಗಾಳ ಹಾಕುವುದೆಂದರೆ ಮೀನನ್ನು ಹಿಡಿಯುವುದಷ್ಟೇ ಅಲ್ಲ. ಎರಡು ಮೂರು ಗಂಟೆಗಳ ಕಾಲ ಯಾರಿಗೂ ಉತ್ತರ ಕೊಡಬೇಕಾಗಿಲ್ಲದೆ ನೀರನ್ನು ನೋಡುತ್ತ ಕುಳಿತಿರುವುದು. ಮಾತು ಕಡಿಮೆಯಾಗಿದ್ದ ನಮ್ಮ ತಂದೆಯವರು ನನ್ನೊಡನೆ ಮಾತಾಡಿದ್ದೆಲ್ಲ ಆ ದಡಗಳ ಮೇಲೆಯೇ. ಅದನ್ನು ಬಿಡು ಎಂದರೆ ಬಿಡುವುದು ಹೇಗೆ? ಶಾಕಾಹಾರಿಗಳಾದ ಓದುಗರು ಮುನಿಸಿಕೊಳ್ಳಬೇಕಾಗಿಲ್ಲ. ಹಿಡಿದ ಮೀನಿನಲ್ಲಿ ಮುಕ್ಕಾಲು ಪಾಲು ನೀರಿಗೇ ಮರಳುತ್ತದೆ. ಅದನ್ನು ಮರಳಿಸುವಾಗಲೇ ಕೈಯ ಪ್ರಶ್ನೆ ಏಳುವುದು.

ನೀರಿನಿಂದ ಮೇಲಕ್ಕೆ ಬಂದ ಮೀನು ಕೈಗೆ ಏನೇನು ಮಾಡಬಲ್ಲದು ಎಂಬುದನ್ನು ದಡದಲ್ಲಿ ನಿಂತು ನೋಡುವವರು ಅರಿಯರು. ಜಿಲೇಬಿ ಮೀನು ಹೆಸರಿಗೆ ಸಿಹಿ. ಬೆನ್ನ ಮೇಲಿನ ರೆಕ್ಕೆಯನ್ನು ಬಿಚ್ಚಿತೆಂದರೆ ಸೂಜಿಗಳ ಬಾಚಣಿಗೆ. ಗಿರ್ಲಿಗೆ ಮೀಸೆಯೂ ಉಂಟು, ಮೀಸೆಗೆ ತಕ್ಕ ಕೋಪವೂ ಉಂಟು. ಕಿವಿರಿನ ಹಿಂದೆ ಎರಡು ಕಡೆಯೂ ಗರಗಸದ ಹಲ್ಲಿನಂಥ ಮುಳ್ಳುಗಳನ್ನು ಅಗಲಿಸಿಕೊಂಡು ಬರುತ್ತದೆ. ಚೇಳಿನಂತೆ ಚುಚ್ಚುವುದರಿಂದ ಚೇಳುಮೀನೆಂದೇ ಕರೆಸಿಕೊಳ್ಳುವ ಕಪ್ಪು ಮೀನೊಂದಿದೆ. ಅದರ ಮುಳ್ಳಿನಲ್ಲಿ ವಿಷವೇ ಇದೆ. ಇವುಗಳ ಜೊತೆಗೆ ಗೆಂಡೆಯ ಒರಟು ಹುರುಪೆ, ನೈಲಾನ್ ದಾರ ಬೆರಳನ್ನು ಕೊಯ್ಯುವುದು, ಎರೆಹುಳುವಿನ ಮಣ್ಣು, ಗಂಟೆಗಟ್ಟಲೆ ಒದ್ದೆಯಾಗಿ ಮತ್ತೆ ಬಿಸಿಲಿಗೆ ಒಣಗುವ ಚರ್ಮ. ಗಟ್ಟಿ ಕೈಯವರಿಗೆ ಇವೆಲ್ಲ ಸಂಜೆಯ ಹೊತ್ತಿಗೆ ಮರೆತುಹೋಗುವ ಸಂಗತಿಗಳು. ಮೊದಲೇ ಬಿರಿದ ಕೈಗೆ ಹಾಗಲ್ಲ.

ಹಾಗಲ್ಲವೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಮನದಟ್ಟಾದದ್ದು ನನ್ನ ಭಾವಮೈದನಿಂದ. ಆತನದು ಬೇಲೂರಿನಲ್ಲೇ ವಾಸ. ಯಗಚಿಯ ದಡದಲ್ಲಿ ಗಿರ್ಲೊಂದು ಆತನ ತೋರುಬೆರಳನ್ನು ಚುಚ್ಚಿತು. ಹನಿ ರಕ್ತ ಬಂತು, ನಿಂತಿತು, ಆತ ಮರೆತ. ಮೂರು ವಾರಗಳ ಮೇಲೆ ಅದೇ ಜಾಗದಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ. ಔಷಧದ ಅಂಗಡಿಯಿಂದ ತಂದ ಟ್ಯೂಬಿನ ಮುಲಾಮನ್ನು ಹಚ್ಚಿದ; ಕೆಂಪು ಇಳಿದಂತೆ ಕಂಡಿತು. ಇನ್ನೆರಡು ತಿಂಗಳಿಗೆ ಮುಂಗೈಯ ಉದ್ದಕ್ಕೂ ಒಂದರ ಮೇಲೊಂದು, ಸರದ ಮಣಿಗಳಂತೆ, ಗಂಟುಗಳು ಏರಿಕೊಂಡು ಹೋದುವು. ಒಬ್ಬರು ಕೀವಿನ ಗುಳ್ಳೆಯೆಂದರು, ಒಬ್ಬರು ಬೂಷ್ಟಿನ ಸೋಂಕೆಂದರು. ಕೊನೆಗೆ ಮೈಸೂರಿನ ಚರ್ಮವೈದ್ಯರೊಬ್ಬರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ: “ತಾವು ಮೀನು ಸಾಕುತ್ತೀರೇನು?”

“ಸಾಕುವುದಿಲ್ಲ ಸ್ವಾಮಿ, ಹಿಡಿಯುತ್ತೇನೆ” ಎಂದ ನನ್ನ ಭಾವಮೈದ.

“ಎರಡೂ ಒಂದೇ” ಎಂದರಂತೆ ವೈದ್ಯರು.

ಆ ರೋಗಾಣುವಿನ ಹೆಸರು ಮೈಕೋಬ್ಯಾಕ್ಟೀರಿಯಮ್ ಮರೈನಮ್. ಕ್ಷಯ, ಕುಷ್ಠಗಳನ್ನು ತರುವ ರೋಗಾಣುಗಳ ಕುಲಕ್ಕೇ ಸೇರಿದ್ದು. ಆದರೆ ವಾಸ ನೀರಿನಲ್ಲಿ, ಮೀನಿನಲ್ಲಿ. ಅಮೆರಿಕದ ಫಿಲಡೆಲ್ಫಿಯಾದ ಮತ್ಸ್ಯಾಲಯದಲ್ಲಿ ಸತ್ತ ಮೀನುಗಳಿಂದ ಇದನ್ನು ಮೊದಲು ಬೇರ್ಪಡಿಸಿದ್ದು 1926ರಲ್ಲಿ. ಇದಕ್ಕೆ ಸುಮಾರು ಮೂವತ್ತು ಡಿಗ್ರಿಯ ತಂಪು ಹಿತ. ನಮ್ಮ ಒಡಲಿನ ಮೂವತ್ತೇಳು ಡಿಗ್ರಿ ಅದಕ್ಕೆ ಸೆಕೆಯಾದ್ದರಿಂದ ಒಳಕ್ಕೆ ಇಳಿಯದೆ, ದೇಹದ ತಣ್ಣನೆಯ ಅಂಚುಗಳಾದ ಬೆರಳು, ಮುಂಗೈಗಳಲ್ಲೇ ನೆಲೆಸುತ್ತದೆ. ಇದೇ ಕಾರಣದಿಂದ ಪ್ರಯೋಗಾಲಯದಲ್ಲಿಯೂ, ಮೊದಲೇ ಹೇಳದಿದ್ದರೆ, ಮಾಮೂಲು ಬಿಸಿಯಲ್ಲಿ ಇಟ್ಟು ಏನೂ ಬೆಳೆಯಲಿಲ್ಲವೆಂದು ಬರೆದು ಕಳುಹಿಸುವ ಸಂಭವವುಂಟು. ಮೀನಿನ ಸಹವಾಸವಿರುವವರು ಕೈಯ ಗಂಟನ್ನೋ ವಾಸಿಯಾಗದ ಹುಣ್ಣನ್ನೋ ವೈದ್ಯರಿಗೆ ತೋರಿಸುವಾಗ ಆ ಸಹವಾಸವನ್ನು ಬಾಯಿಬಿಟ್ಟು ಹೇಳಬೇಕು. ಅಂಗಡಿಯ ಮುಲಾಮುಗಳಲ್ಲಿ ಅನೇಕದರಲ್ಲಿ ಸ್ಟೀರಾಯ್ಡ್ ಇರುತ್ತದೆ; ಅದು ಉರಿಯನ್ನು ಶಮನ ಮಾಡಿ, ಸೋಂಕಿಗೆ ಮರೆಯಲ್ಲಿ ಬೆಳೆಯಲು ಅವಕಾಶ ಕೊಡುತ್ತದೆ. ನನ್ನ ಭಾವಮೈದ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಯಿತು. ಬೆರಳು ಉಳಿಯಿತು, ಮಡಿಸಲು ಮಾತ್ರ ಈಗಲೂ ಸ್ವಲ್ಪ ಹಟ ಮಾಡುತ್ತದೆ. ಈ ರೋಗ ಅಪರೂಪದ್ದೆಂಬುದನ್ನೂ ಹೇಳಿಬಿಡಬೇಕು. ಹೇಳದಿದ್ದರೆ ಓದುಗರ ಪೈಕಿ ಯಾರಾದರೂ ಇಂದೇ ಗಾಳವನ್ನು ಮುರಿದು ಒಲೆಗೆ ಹಾಕಿಯಾರು.

ನನ್ನಂಥವರ ಚರ್ಮಕ್ಕೆ ಏನು ಕೊರತೆ ಎಂಬುದನ್ನು ತಿಳಿದುಕೊಂಡ ಮೇಲೆ ನನಗೆ ಬಹಳ ಸಮಾಧಾನವಾಯಿತು. ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ: ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಣ ಜಿಡ್ಡು ಗಾರೆ. ಆ ಇಟ್ಟಿಗೆಗಳನ್ನು ಬಿಗಿದು ಕೂರಿಸುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆಯೆಂದೂ ಎಕ್ಸಿಮಾಕ್ಕೆ ಅದೊಂದು ಮುಖ್ಯ ಕಾರಣವೆಂದೂ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿಕೊಟ್ಟರು. ಅಂದರೆ ಇದು ಕೊಳಕಿನಿಂದ ಬಂದ ರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಅಲ್ಲವೇ ಅಲ್ಲ. ಗೋಡೆ ಸಡಿಲ, ಅಷ್ಟೆ. ಸಡಿಲ ಗೋಡೆಯಿಂದ ಒಳಗಿನ ತೇವ ಹೊರಕ್ಕೆ ಹೋಗುತ್ತದೆ, ಹೊರಗಿನದು ಒಳಕ್ಕೆ ಬರುತ್ತದೆ.

ಒಳಕ್ಕೆ ಬರುವುದರಲ್ಲಿ ಮೀನಿನ ಪ್ರೋಟೀನೂ ಒಂದು. ಡೆನ್ಮಾರ್ಕಿನ ಇಬ್ಬರು ವೈದ್ಯರು 1976ರಲ್ಲಿ ಅಡುಗೆಮನೆಯ ಕೆಲಸಗಾರರ ಕೈಗಳನ್ನು ಪರೀಕ್ಷಿಸಿ, ಮೀನಿನಂಥ ಆಹಾರವನ್ನು ಮುಟ್ಟಿದ ಕೆಲವು ನಿಮಿಷಗಳಲ್ಲೇ ಏಳುವ ಒಂದು ಬಗೆಯ ಚರ್ಮದ ಉರಿಗೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟರು. ಮೀನಿನ ಅಲರ್ಜಿಗೆ ಮುಖ್ಯ ಕಾರಣವಾದ ಪಾರ್ವಾಲ್ಬುಮಿನ್ ಎಂಬುದು ಇರುವುದು ಅದರ ಮಾಂಸದಲ್ಲಿ. ಆದುದರಿಂದ ಮೀನನ್ನು ಹಿಡಿಯುವುದಕ್ಕಿಂತಲೂ ಸೀಳಿ ತೊಳೆಯುವುದೇ ನಾಜೂಕು ಕೈಗೆ ಹೆಚ್ಚು ಅಪಾಯಕಾರಿ. ಮುಟ್ಟಿದೊಡನೆಯೇ ದದ್ದು ಏಳುವವರು, ತುಟಿ ಊದುವವರು, ಉಸಿರು ಬಿಗಿಯುವವರು ಕೈಗವಸಿನ ಮಾತನ್ನು ಬಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು.

ಕೈಗವಸಿನ ಮಾತು ಬಂದುದರಿಂದ ಒಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಶಸ್ತ್ರವೈದ್ಯರು ಧರಿಸುವ ರಬ್ಬರಿನ ಕೈಗವಸು ರೋಗಿಯ ರಕ್ಷಣೆಗಾಗಿ ಹುಟ್ಟಿತೆಂದು ನಾವೆಲ್ಲ ಭಾವಿಸುತ್ತೇವೆ. ಅದು ಹುಟ್ಟಿದ್ದು ನಾಜೂಕಿನ ಎರಡು ಕೈಗಳಿಗಾಗಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889–90ರ ಚಳಿಗಾಲದಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು, ಶಸ್ತ್ರಚಿಕಿತ್ಸೆಗೆ ಮುನ್ನ ಅದ್ದಬೇಕಾಗಿದ್ದ ಪಾದರಸದ ದ್ರಾವಣದಿಂದ ಕೆಂಪೇರಿ ಬಿರಿದುವು. ಆಕೆ ಕೆಲಸವನ್ನೇ ಬಿಟ್ಟು ಹೋಗುವಳೆಂಬ ಭಯ ಶಸ್ತ್ರವೈದ್ಯ ವಿಲಿಯಂ ಹಾಲ್ಸ್ಟೆಡ್ಡರಿಗೆ. ಅವರು ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಕೈಗವಸುಗಳನ್ನು ಮಾಡಿಸಿಕೊಟ್ಟರು. ಕೈ ವಾಸಿಯಾಯಿತು, 1890ರಲ್ಲಿ ಆ ಕೈಯನ್ನೇ ಅವರು ಹಿಡಿದರು. ಎಲ್ಲ ಶಸ್ತ್ರವೈದ್ಯರೂ ಕೈಗವಸು ತೊಟ್ಟರೆ ರೋಗಿಗಳಿಗೂ ಸೋಂಕು ಕಡಿಮೆಯೆಂಬುದು ಆಮೇಲೆ ತಿಳಿದ ಸಂಗತಿ. ಈ ಕಥೆಯನ್ನು ಕೇಳಿದ ನನ್ನ ಮನೆಯಾಕೆ “ಆತ ಕೈಗವಸು ಮಾಡಿಸಿಕೊಟ್ಟ, ನೀವು ಮೀನು ತಂದು ಕೊಟ್ಟಿರಿ” ಎಂದಳು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ.

ರಬ್ಬರಿನ ಕೈಗವಸು ತೊಡಲು ಸುಲಭವಾಗಲೆಂದು ಒಳಗೆ ಟಾಲ್ಕ್ ಪುಡಿ ಹಾಕುತ್ತಿದ್ದ ಕಾಲವೊಂದಿತ್ತು. ಟಾಲ್ಕ್ ಎಂದರೆ ಬೇರೇನೂ ಅಲ್ಲ, ಬಳಪದ ಕಲ್ಲಿನ ಜೀವಾಳ. ಹಳೇಬೀಡಿನ ಶಿಲ್ಪಿ ಉಳಿಯಿಂದ ಉದುರಿಸಿದ ಪುಡಿಯ ಹತ್ತಿರದ ಬಂಧು. ಆಮೇಲೆ ಜೋಳದ ಪಿಷ್ಟದ ಪುಡಿ ಬಂತು. ಆದರೆ ಪುಡಿ ರಬ್ಬರಿನ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ಹರಡಿ ಹೊಸದೊಂದು ಅಲರ್ಜಿಗೆ ದಾರಿ ಮಾಡಿತು. 2017ರಲ್ಲಿ ಅಮೆರಿಕದಲ್ಲಿ ಪುಡಿ ಹಾಕಿದ ವೈದ್ಯಕೀಯ ಕೈಗವಸುಗಳನ್ನು ನಿಷೇಧಿಸಿದರು. ನಾಜೂಕು ಕೈಯವರು ಪುಡಿಯಿಲ್ಲದ ನೈಟ್ರೈಲ್ ಕೈಗವಸನ್ನೇ ಕೊಳ್ಳುವುದು ಮೇಲು. ಅದರೊಳಗೆ ತೆಳುವಾದ ಹತ್ತಿಯ ಒಳಗವಸು ಇರಬೇಕು; ಇಲ್ಲವಾದರೆ ಬೆವರಿನಲ್ಲೇ ಕೈ ನೆನೆದು, ಮೀನು ಮಾಡುವ ಕೇಡನ್ನು ಕೈಗವಸೇ ಮಾಡುತ್ತದೆ. ಗಾಳ ಹಾಕಿ ಕಾಯುವಷ್ಟು ಹೊತ್ತೂ ತೊಟ್ಟಿರಬೇಕಾಗಿಲ್ಲ. ಬೆಂಡು ಮುಳುಗಿ, ಮೀನು ದಡಕ್ಕೆ ಬರುವಾಗ ತೊಟ್ಟರೆ ಸಾಕು. ಇಷ್ಟಾದರೂ ಗಿರ್ಲಿನ ಮುಳ್ಳಿಗೆ ಈ ತೆಳು ರಬ್ಬರು ಹಪ್ಪಳಕ್ಕೆ ಸಮಾನ ಎಂಬುದನ್ನು ಮರೆಯಲಾಗದು.

ಮುಳ್ಳಿನ ವಿದ್ಯೆಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಳೇಬೀಡಿನ ಕೆರೆಯಲ್ಲಿ ಬಲೆ ಬೀಸುತ್ತಿದ್ದ ವೃದ್ಧರೊಬ್ಬರಿಂದ. ಕೆರೆಗಳ ಮೀನನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿರುವುದರಿಂದ ಗಾಳ ಹಾಕುವ ಮುನ್ನ ಗುತ್ತಿಗೆದಾರರ ಒಪ್ಪಿಗೆ ಪಡೆಯಬೇಕು. ಆ ನೆಪದಲ್ಲಿ ಆದ ಪರಿಚಯ. ನಾನು ಒಣ ಬಟ್ಟೆಯಿಂದ ಗೆಂಡೆಯೊಂದನ್ನು ಹಿಡಿಯಲು ಹೊರಟಾಗ ಅವರು ಕೂಗಿಕೊಂಡರು:

“ಒಣಬಟ್ಟೆ ಬ್ಯಾಡಿ ಸ್ವಾಮಿ! ಬಿಡೋ ಮೀನಾದ್ರೆ ಅದರ ಲೋಳೆ ಕೀಳಬಾರದು. ಲೋಳೆ ಹೋದ್ರೆ ನೀರಿಗೆ ಬಿಟ್ರೂ ಅದು ಬದುಕಾಕಿಲ್ಲ.”

ಆ ಮಾತು ನಿಜ. ಮೀನಿನ ಮೈಯ ಲೋಳೆಯನ್ನು ನಾವು ಅಸಹ್ಯವೆಂದು ಒರೆಸುತ್ತೇವೆ. ಮೀನಿಗೆ ಅದು ಕೋಟೆ; ಬೂಷ್ಟನ್ನೂ ಕ್ರಿಮಿಯನ್ನೂ ತಡೆಯುವ ಪದಾರ್ಥಗಳು ಅದರಲ್ಲೇ ಇವೆ. ಒಣಗಿದ ಕೈಯಾಗಲಿ ಒರಟು ಬಟ್ಟೆಯಾಗಲಿ ಅದನ್ನು ಕಿತ್ತರೆ ನೀರಿಗೆ ಮರಳಿದ ಮೀನಿಗೆ ಕೆಲವು ದಿನಗಳಲ್ಲಿ ಹುಣ್ಣು ಬೀಳುತ್ತದೆ. ನನಗೆ ಆ ಕ್ಷಣದಲ್ಲಿ ಹೊಳೆದದ್ದು ಇದು: ನನ್ನ ಚರ್ಮದ ಜಿಡ್ಡು ಹೇಗೋ ಮೀನಿನ ಮೈಯ ಲೋಳೆ ಹಾಗೆ. ಸಾಬೂನು ನನ್ನದನ್ನು ಕೀಳುತ್ತದೆ, ನಾನು ಅದರದನ್ನು ಕೀಳುತ್ತೇನೆ. ಹೀಗಿರುವಾಗ ಇಬ್ಬರಿಗೂ ಕ್ಷೇಮವಾದದ್ದು ಮುಟ್ಟುವುದನ್ನು ಕಡಿಮೆ ಮಾಡುವುದೇ. ಮುಟ್ಟಲೇಬೇಕಾದಲ್ಲಿ ಒದ್ದೆ ಕೈಗವಸಿನಿಂದ, ಅರ್ಧ ನಿಮಿಷ.

ಅಂದಿನಿಂದ ನನ್ನ ಸಾಮಾನುಗಳೇ ಬದಲಾದುವು. ಕೊಕ್ಕೆಯ ತುದಿಯ ಹಿಂದಿರುವ ಚಿಕ್ಕ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದೆ. ಆಗ ಮೀನಿನ ಬಾಯಿಂದ ಕೊಕ್ಕೆ ಸಲೀಸಾಗಿ ಕಳಚುತ್ತದೆ, ಅಕಸ್ಮಾತ್ ನಮ್ಮ ಬೆರಳಿಗೆ ನಾಟಿದರೂ ಹಾಗೆಯೇ. ಉದ್ದ ಮೂತಿಯ ಇಕ್ಕಳವಿದ್ದರೆ ಮೀನನ್ನು ನೀರಿನ ಅಂಚಿನಲ್ಲೇ ಇಟ್ಟು, ಕೈ ಸೋಕಿಸದೆ, ಕೊಕ್ಕೆಯನ್ನು ಬಿಡಿಸಬಹುದು. ಗಂಟಿನ ನೂಲಿನ ಬಲೆಗಿಂತ ರಬ್ಬರಿನ ಕೈಬಲೆ ಮೇಲು. ಕೈಯಲ್ಲೇ ಹಿಡಿಯಬೇಕಾದಾಗ ತಲೆಯ ಕಡೆಯಿಂದ ಬಾಲದ ಕಡೆಗೆ ಕೈಯನ್ನು ಜಾರಿಸಿದರೆ ಬೆನ್ನ ಮುಳ್ಳುಗಳು ಮಡಿಸಿಕೊಳ್ಳುತ್ತವೆ. ಬಾಲದಿಂದ ತಲೆಯ ಕಡೆಗೆ ಹೋದವನು ಕೆಟ್ಟ. ಮೀಸೆಯ ಮೀನನ್ನಂತೂ ಬರಿಗೈಯಲ್ಲಿ ಹಿಡಿಯುವ ಶೌರ್ಯ ಬೇಡ. ಬೇಲೂರಿನ ಗುಡಿಯಲ್ಲಿ ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನ ಶಿಲ್ಪವಿದೆ. ಜಗತ್ತಿನಲ್ಲಿ ಮೀನಿನಿಂದ ಅಷ್ಟು ದೊಡ್ಡ ಲಾಭ ಪಡೆದವರು ಇನ್ನೊಬ್ಬರಿಲ್ಲ. ಆತನೂ ಮೀನನ್ನು ಕೈಯಿಂದ ಮುಟ್ಟಲಿಲ್ಲವೆಂಬುದನ್ನು ಗಮನಿಸಬೇಕು.

ಚುಚ್ಚಿಯೇಬಿಟ್ಟರೆ? ಚೇಳುಮೀನಿನ ವಿಷ ಶಾಖಕ್ಕೆ ಕೆಡುವಂಥದು. ಮುಳ್ಳಿನ ಚೂರಿದ್ದರೆ ತೆಗೆದು, ತಡೆಯಬಹುದಾದಷ್ಟು ಬಿಸಿಯಾದ, ನಲವತ್ತೈದು ಡಿಗ್ರಿಗೆ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈಯನ್ನು ಅದ್ದಿಡಬೇಕು. ನೀರಿನ ಬಿಸಿಯನ್ನು ನೋವಿಲ್ಲದ ಇನ್ನೊಂದು ಕೈಯಿಂದ ನೋಡಿಕೊಳ್ಳತಕ್ಕದ್ದು. ನೋವಿನ ಕೈಗೆ ಸುಡುವುದೂ ತಿಳಿಯದು. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು. ಗಾಯವನ್ನು ಕೆರೆಯ ನೀರಿನಲ್ಲಿ ತೊಳೆಯಬಾರದು. ಇಲಿಜ್ವರದ ಕ್ರಿಮಿಗೆ ನಿಂತ ನೀರೂ ಬಿರಿದ ಚರ್ಮವೂ ಸಿಕ್ಕರೆ ಬೇರೆ ಆಹ್ವಾನ ಬೇಕಾಗಿಲ್ಲ. ನಾನು ಮನೆಯಿಂದ ಎರಡು ಸೀಸೆ ಶುದ್ಧವಾದ ನೀರನ್ನು ಒಯ್ಯುತ್ತೇನೆ. ಒಂದು ಕುಡಿಯಲು, ಇನ್ನೊಂದು ಕೈಗೆ.

ದಡಕ್ಕೆ ಹೋಗುವ ಮುನ್ನ ಕೈಗೆ ಎಣ್ಣೆ ಹಚ್ಚುವ ಪದ್ಧತಿ ಆ ವೃದ್ಧರಲ್ಲೂ ಇತ್ತು; ಅವರದು ಹರಳೆಣ್ಣೆ. ನಾನು ಅರಸೀಕೆರೆಯವನಾದ್ದರಿಂದ ಕೊಬ್ಬರಿ ಎಣ್ಣೆಯ ಪಕ್ಷ. ಅಭಿಮಾನಕ್ಕಾಗಿ ಹೇಳುವ ಮಾತಲ್ಲ. 2004ರಲ್ಲಿ ಫಿಲಿಪ್ಪೀನ್ಸಿನ ವೈದ್ಯರು ಒಣಚರ್ಮದವರ ಮೇಲೆ ಪರೀಕ್ಷಿಸಿ ಅದು ಖನಿಜತೈಲದಷ್ಟೇ ಗುಣಕಾರಿಯೆಂದು ಕಂಡರು. ಆದರೆ ಕೈ ತೀರ ಬಿರಿದಿದ್ದಾಗ ವಾಸನೆಯಿಲ್ಲದ ವ್ಯಾಸಲೀನೇ ಮೇಲೆಂದು ಒಪ್ಪಿಕೊಳ್ಳುತ್ತೇನೆ. ಜಿಡ್ಡು ರಬ್ಬರನ್ನು ಕೆಡಿಸುವುದರಿಂದ ಕೈಗವಸು ತೊಡುವ ಗಳಿಗೆಯಲ್ಲಿ ಬೇಡ. ಅರ್ಧ ಗಂಟೆ ಮೊದಲೇ ಹಚ್ಚಿ ಇಂಗಿಸಿರಬೇಕು. ಹಿಂತಿರುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಮತ್ತೊಮ್ಮೆ. ಉಂಗುರವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಅದರಡಿಯಲ್ಲಿ ನಿಂತ ನೀರಿನಿಂದಲೇ ಇಸುಬು ಮೊದಲಾಗುವುದುಂಟು.

ವಾಸನೆ ಹೋಗಲೆಂದು ನಿಂಬೆಹಣ್ಣು ತಿಕ್ಕುವ ಪದ್ಧತಿಯೊಂದು ನಮ್ಮ ಮನೆಗಳಲ್ಲಿದೆ. ಅಡುಗೆಮನೆಯಲ್ಲಿ ಅದು ಉಪಾಯವಾಗಿರಬಹುದು. ದಡದ ಮೇಲೆ ಅಪಾಯ. ಬಿರಿದ ಕೈಗೆ ಹುಳಿಯ ಉರಿ ಹೇಗೂ ಇದ್ದೇ ಇದೆ. ಅದರ ಮೇಲೆ ನಿಂಬೆಯ ರಸ ಹತ್ತಿದ ಚರ್ಮಕ್ಕೆ ಬಿಸಿಲು ತಾಕಿತೆಂದರೆ ಮಾರನೆಯ ದಿನ ಬೊಬ್ಬೆಗಳು ಎದ್ದು, ಕಪ್ಪು ಕಲೆ ವಾರಗಟ್ಟಲೆ ನಿಲ್ಲುತ್ತದೆ. ಅಲ್ಲದೆ ಕೆರೆಮೀನಿನ ವಾಸನೆ ಕಡಲ ಮೀನಿನದಲ್ಲ, ಮಣ್ಣಿನದು. 1965ರಲ್ಲಿ ಅಮೆರಿಕದ ವಿಜ್ಞಾನಿಗಳಿಬ್ಬರು ಅದರ ಮೂಲವಸ್ತುವಿಗೆ ‘ಜಿಯೋಸ್ಮಿನ್’ ಎಂದು ಹೆಸರಿಟ್ಟರು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಪರಿಮಳವೂ ಅದೇ. ನಮ್ಮ ತಾಯಿಯವರು ಕೆರೆಮೀನಿನ ಸಾರಿಗೆ ಹುಣಿಸೆಯನ್ನು ಧಾರಾಳವಾಗಿ ಹಿಂಡುತ್ತಿದ್ದರು. ಹುಳಿಗೆ ಜಿಯೋಸ್ಮಿನ್ ಒಡೆದುಹೋಗುತ್ತದೆಂಬ ರಸಾಯನಶಾಸ್ತ್ರವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇಷ್ಟು ವಿವರವಾಗಿ ಈಗ ಬರೆಯಲು ಕಾರಣ ನನ್ನ ಮೊಮ್ಮಗಳು. ಹತ್ತು ವರ್ಷದವಳು, ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ನನ್ನ ಮಗಳ ಕೈಯನ್ನು ಬಿಟ್ಟುಕೊಟ್ಟ ಇಸುಬು ಅವಳ ಮಗಳ ಕೈಯನ್ನು ಹುಡುಕಿಕೊಂಡು ಬಂದಿದೆ. ಶಾಲೆಯಲ್ಲಿ ಕೈಕೈ ಹಿಡಿದು ಸುತ್ತುವ ಆಟದಲ್ಲಿ ಪಕ್ಕದ ಹುಡುಗಿಯರು ಅವಳ ಕೈಯನ್ನು ಹಿಡಿಯದೆ ಲಂಗದ ಅಂಚನ್ನು ಹಿಡಿದರಂತೆ. ಅಂದಿನಿಂದ ಮಗು ಬಿಸಿಲಿನಲ್ಲಿಯೂ ಉದ್ದ ತೋಳಿನ ಅಂಗಿಯನ್ನೇ ಕೇಳುತ್ತದೆ. ಕಳೆದ ಡಿಸೆಂಬರ್ ರಜೆಯಲ್ಲಿ “ತಾತ, ನಾನೂ ಗಾಳ ಹಾಕಲು ಬರುತ್ತೇನೆ” ಎಂದಳು. ನನ್ನ ಮಗಳು ಅಡುಗೆಮನೆಯಿಂದಲೇ “ಬೇಡ” ಎಂದಳು.

“ಅಪ್ಪಾ, ನಿಮ್ಮ ಕೈ ನೋಡಿಕೊಂಡೇ ಬೆಳೆದವಳು ನಾನು. ಮಾವನ ಬೆರಳನ್ನೂ ನೋಡಿದ್ದೇನೆ. ಇದರ ಕೈಯಾದರೂ ನೆಟ್ಟಗಿರಲಿ.”

ಅವಳ ಭಯವನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆದರೆ ಆ ಕೈ ಮುಂದೆ ಏನೇನನ್ನು ಮುಟ್ಟಬೇಕಾಗಿದೆಯೋ ಯಾರು ಬಲ್ಲರು? ಪ್ರಯೋಗಾಲಯದ ಸೀಸೆ, ಕುಂಬಾರನ ಮಣ್ಣು, ಎಳೆಗೂಸಿನ ಬಟ್ಟೆ. ಒಂದೊಂದನ್ನೂ ಬೇಡ ಬೇಡವೆಂದು ಕಿತ್ತುಕೊಳ್ಳುತ್ತ ಹೋದರೆ ಕೈ ನೆಟ್ಟಗಿದ್ದೂ ಫಲವೇನು? ನಾನು ವಾದ ಮಾಡಲಿಲ್ಲ. ಮಗುವಿನ ಅಳತೆಯ ಒಳಗವಸನ್ನು ಮನೆಯಾಕೆ ಹಳೆಯ ಪಂಚೆಯಿಂದ ಹೊಲಿದುಕೊಟ್ಟಳು. ನಲವತ್ತು ವರ್ಷಗಳಲ್ಲಿ ಗಾಳದ ಪಕ್ಷಕ್ಕೆ ಆಕೆ ಮಾಡಿದ ಮೊದಲ ಸಹಾಯ! ಮಗಳ ಚರ್ಮವೈದ್ಯರು, ಬಿರುಕಿಲ್ಲದ ದಿನ ನೋಡಿ ಹೋಗಬಹುದೆಂದು ಫೋನಿನಲ್ಲಿ ಅನುಮತಿ ಕೊಟ್ಟರು. ಅದರ ಮೇಲೆ ಮಗಳು ತಾನೂ ಬರುತ್ತೇನೆಂದು ಹೊರಟಳು, ಕಾವಲಿಗೆ.

ಹಳೇಬೀಡಿನ ಕೆರೆಯ ದಡದಲ್ಲಿ ಎರಡು ಗಂಟೆ ಏನೂ ಆಗಲಿಲ್ಲ. ಮೂರನೆಯ ಗಂಟೆಯಲ್ಲಿ ಬೆಂಡು ಎರಡು ಸಲ ಕುಪ್ಪಳಿಸಿ ಮುಳುಗಿತು. ಅಂಗೈಗಿಂತ ಸ್ವಲ್ಪ ಉದ್ದನೆಯ ಗೆಂಡೆ. ನಾನು ಇಕ್ಕಳದಿಂದ ಕೊಕ್ಕೆಯನ್ನು ಕಳಚಿದೆ. ಮಗು ಕೈಗವಸನ್ನು ನೀರಿನಲ್ಲಿ ಅದ್ದಿ ಹಿಡಿದುಕೊಂಡು, ಮೀನಿನ ಅಡಿಗೆ ಕೈಯೊಡ್ಡದೆ ಹಾಗೆಯೇ ನಿಂತಿತು.

“ತಾತ, ನನ್ನ ಕೈ ಮುಟ್ಟಿದರೆ ಮೀನಿಗೇನೂ ಆಗುವುದಿಲ್ಲ ತಾನೆ?”

ನನಗೆ ಕೂಡಲೇ ಮಾತು ಹೊರಡಲಿಲ್ಲ. ಮಗಳು ನನಗಿಂತ ಮೊದಲು ಕೆಸರಿಗಿಳಿದು, ಮಗುವಿನ ಎರಡು ಕೈಗಳನ್ನೂ ಕೆಳಗಿನಿಂದ ತನ್ನ ಕೈಗಳಲ್ಲಿ ಹಿಡಿದು ನೀರಿನೊಳಕ್ಕೆ ಇಳಿಸಿದಳು. ಮೀನು ಆ ನಾಲ್ಕು ಕೈಗಳ ಮೇಲೆ ಒಂದು ಕ್ಷಣ ಕಿವಿರಾಡಿಸುತ್ತ ನಿಂತು, ಬಾಲವನ್ನು ಬಡಿದು ಹೋಯಿತು.

ಆ ರಾತ್ರಿಯೂ ಮಾರನೆಯ ಬೆಳಗ್ಗೆಯೂ ಮಗಳು ದೀಪದ ಕೆಳಗೆ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಮಣಿಕಟ್ಟಿನ ಬಳಿ, ಕೈಗವಸಿನ ಅಂಚು ಒತ್ತಿದಲ್ಲಿ, ಸ್ವಲ್ಪ ಕೆಂಪಿತ್ತು; ಸಂಜೆಗೆ ಇಳಿಯಿತು. ಬೆಂಗಳೂರಿಗೆ ಹಿಂತಿರುಗಿದ ವಾರದಲ್ಲೇ ಮೊಮ್ಮಗಳಿಂದ ಅಜ್ಜಿಗೆ ಫೋನು ಬಂತು. ಬೇ‌ಸಗೆಗೆ ಪಂಚೆಯ ಒಳಗವಸು ಎರಡು ಜೊತೆ ಬೇಕಂತೆ, ಅಂಚು ಮಾತ್ರ ಸಡಿಲವಾಗಿರಬೇಕಂತೆ. ಒಂದು ಜೊತೆ ಅವಳಿಗೆ. ಇನ್ನೊಂದು ಪಕ್ಕದ ಬೆಂಚಿನ ಹುಡುಗಿಗೆ. ಆ ಹುಡುಗಿಗೆ ಇಸುಬಿಲ್ಲ, ಆದರೂ ಬೇಕೇ ಬೇಕಂತೆ.